ಓದಿನ ಪ್ರಶ್ನೆಗೆ ಬಿದಿರು ಕಡ್ಡಿ: ಚೀನೀ ಗುಡಿಗಳಲ್ಲಿ ಚಿಮ್ ಕೇಳುವುದು ಹೇಗೆ

ಸಿಂಗಪುರದ ವಾಟರ್‌ಲೂ ಸ್ಟ್ರೀಟ್‌ನಲ್ಲಿ ಒಂದು ಕೃಷ್ಣನ ದೇವಸ್ಥಾನ ಇದೆ, 1870ರದ್ದು. ಅದರ ಪಕ್ಕದಲ್ಲೇ ಗ್ವಾನ್‌ಯಿನ್ ಗುಡಿ. ಗ್ವಾನ್‌ಯಿನ್ ಅಂದರೆ ಚೀನೀಯರ ಕರುಣೆಯ ದೇವಿ. ಗುಡಿಯ ಪೂರ್ತಿ ಹೆಸರು ಕ್ವಾನ್ ಇಮ್ ತೊಂಗ್ ಹುಡ್ ಚೊ, ಶುರುವಾಗಿದ್ದು 1884ರಲ್ಲಿ. ಅಲ್ಲಿಗೆ ಬಂದ ಚೀನೀ ಭಕ್ತರು ಹಾಗೇ ಕೃಷ್ಣನ ಗುಡಿಯ ಮುಂದೆಯೂ ಊದುಬತ್ತಿ ಹಚ್ಚಿ ಕೈ ಮುಗಿದು ಹೋಗುತ್ತಾರೆ. ಕೃಷ್ಣನನ್ನು ನೋಡಲು ಬಂದ ನಮ್ಮವರು ಪಕ್ಕದ ಗುಡಿಯೊಳಗೆ ಇಣುಕಿದರೆ ಮೊದಲು ಕಿವಿಗೆ ಬೀಳುವುದು ಒಂದು ಸದ್ದು. ಚಕ್ ಚಕ್ ಚಕ್ ಚಕ್. ಹತ್ತಾರು ಜನ ಮಂಡಿಯೂರಿ ಕೂತು ಬಿದಿರಿನ ಡಬ್ಬಿ ಅಲ್ಲಾಡಿಸುತ್ತಿರುತ್ತಾರೆ, ಅದರೊಳಗಿಂದ ಒಂದು ಕಡ್ಡಿ ಹೊರಗೆ ಬೀಳುವ ತನಕ.

ಇದನ್ನೇ ಕ್ಯಾಂಟನೀಸ್ ಮಾತಾಡುವವರು ಕೌ ಚಿಮ್ ಅನ್ನುತ್ತಾರೆ, ಅಂದರೆ ಕಡ್ಡಿ ಬೇಡುವುದು. ಮ್ಯಾಂಡರಿನ್‌ನಲ್ಲಿ ಚ್ಯೂ ಚಿಯೆನ್. ಮದುವೆ, ವ್ಯಾಪಾರ, ಕಾಯಿಲೆ, ಮನೆ ಬದಲಾವಣೆ, ಯಾವ ವಿಷಯಕ್ಕೆ ಬೇಕಾದರೂ ಕೇಳಬಹುದು. ನಾನು ಇಲ್ಲಿ ಬರೆಯುತ್ತಿರುವುದು ಓದಿನ ಬಗ್ಗೆ ಕೇಳುವುದಕ್ಕೆ ಮಾತ್ರ. ಯಾಕೆ ಅಂದರೆ ಓದಿನ ವಿಷಯದಲ್ಲೇ ಜನ ಜಾಸ್ತಿ ತಪ್ಪು ಪ್ರಶ್ನೆ ಕೇಳುತ್ತಾರೆ. ನಾನೂ ಕೇಳಿದ್ದೆ.

ಆಗ ಕೆಲಸದ ಜೊತೆಗೆ ಒಂದು ವೃತ್ತಿ ಪರೀಕ್ಷೆಗೆ ಓದುತ್ತಿದ್ದೆ. ಗುಡಿಗೆ ಹೋಗಿ "ಪಾಸ್ ಆಗ್ತೀನಾ?" ಅಂತ ಕೇಳಿದೆ. ಒಳ್ಳೆಯ ಚೀಟಿ ಬಂತು. ಖುಷಿಯಾಗಿ ಮನೆಗೆ ಬಂದವನಿಗೆ ಆ ತಿಂಗಳು ಪೂರ್ತಿ ಓದಲು ಮನಸ್ಸೇ ಬರಲಿಲ್ಲ. ಫೇಲ್ ಆದೆ. ಮುಂದಿನ ಸಲ ಪ್ರಶ್ನೆ ಬದಲಾಯಿಸಿದೆ: "ನಾನು ಎಲ್ಲಿ ಎಡವುತ್ತಾ ಇದ್ದೀನಿ?" ಬಂದದ್ದು ಮಧ್ಯಮ ಚೀಟಿ, ಅವಸರ ಬೇಡ ಅನ್ನುವ ಅರ್ಥದ್ದು. ಟ್ರೈನಿನಲ್ಲಿ ಅದನ್ನೇ ಯೋಚಿಸುತ್ತಾ ಕೂತಾಗ ಗೊತ್ತಾಯಿತು, ನಾನು ದಿನಾ ಹೊಸ ಹೊಸ ಅಧ್ಯಾಯಕ್ಕೆ ಹಾರುತ್ತಿದ್ದೆ, ಹಳೆಯ ಪ್ರಶ್ನೆಪತ್ರಿಕೆಯನ್ನು ಒಂದು ಸಲವೂ ಪೂರ್ತಿ ಬರೆದು ನೋಡಿರಲಿಲ್ಲ. ಚೀಟಿಯಲ್ಲಿ ಪ್ರಶ್ನೆಪತ್ರಿಕೆ ಅನ್ನುವ ಮಾತೇ ಇರಲಿಲ್ಲ. ಆದರೆ ನಾನು ಕೇಳಿದ ರೀತಿ ಸರಿ ಇತ್ತು, ಅದಕ್ಕೆ ಉತ್ತರ ಕೂರುವ ಜಾಗ ಇತ್ತು.

ಈ ಇಡೀ ಬರಹ ಅದರ ಮೇಲೇ ನಿಂತಿದೆ.

ಮೊದಲು ಒಂದಿಷ್ಟು ಹಿನ್ನೆಲೆ

ಡಬ್ಬಿಯಲ್ಲಿ ಇರುವುದು ಚಪ್ಪಟೆ ಬಿದಿರು ಕಡ್ಡಿಗಳು. ಪ್ರತಿಯೊಂದರ ಮೇಲೆ ಒಂದು ಸಂಖ್ಯೆ. ಆ ಸಂಖ್ಯೆಗೆ ಒಂದು ಚೀಟಿ. ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ, ಸಾಮಾನ್ಯವಾಗಿ ಸಾಲಿಗೆ ಏಳು ಅಕ್ಷರ. ಜೊತೆಗೆ ಒಂದು ಹಳೆಯ ಕಥೆಯ ಹೆಸರು, ಒಂದು ದರ್ಜೆ, ಆಮೇಲೆ ವಿಷಯವಾರು ಸಣ್ಣ ಸಣ್ಣ ಉತ್ತರಗಳು.

ಇದು ಬಹಳ ಹಳೆಯ ಪದ್ಧತಿ. ಚಿತ್ರ ಸಮೇತ ಅಚ್ಚಾದ ಇಂಥ ಚೀಟಿಗಳ ಒಂದು ಕಟ್ಟು ದಕ್ಷಿಣ ಸೊಂಗ್ ರಾಜರ ಕಾಲದ್ದು, ಅಂದರೆ ಹನ್ನೆರಡು-ಹದಿಮೂರನೇ ಶತಮಾನದ್ದು, ಇವತ್ತಿಗೂ ಉಳಿದಿದೆ. ಅದು ಹಾಂಗ್‌ಝೌ ಊರಿನ ತಿಯನ್‌ಜು ಗುಡಿಯ ಹೆಸರಿನದು. ತಿಯನ್‌ಜು ಅಂದರೆ ಏನು ಗೊತ್ತಾ? ಹಳೆಯ ಚೀನೀ ಭಾಷೆಯಲ್ಲಿ ಭಾರತಕ್ಕೆ ಇದ್ದ ಹೆಸರು. ಈ ವಿಷಯ ತಿಳಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಜಪಾನಿನ ಗುಡಿಗಳಲ್ಲಿ ಸಿಗುವ ಒಮಿಕುಜಿ, ಥಾಯ್ಲೆಂಡಿನ ಸಿಯಮ್‌ಸಿ, ಎರಡೂ ಇದರ ನೆಂಟರೇ.

ಎಲ್ಲಿ ಕೇಳಬೇಕು

ಎಲ್ಲಾದರೂ ಕೇಳಬಹುದು. ಆದರೆ ಓದಿಗೆ ಅಂತಲೇ ಒಬ್ಬ ದೇವರಿದ್ದಾನೆ, ವೆನ್‌ಚಾಂಗ್. ಕೈಯಲ್ಲಿ ಬರೆಯುವ ಕುಂಚ ಹಿಡಿದ ಸಾಹಿತ್ಯದ ದೇವರು, ಪರೀಕ್ಷೆ ಬರೆಯುವವರ ದೇವರು.

ಹಾಂಗ್‌ಕಾಂಗ್‌ನಲ್ಲಿದ್ದರೆ ಹಾಲಿವುಡ್ ರೋಡಿನ ಮಾನ್ ಮೋ ಗುಡಿಗೆ ಹೋಗಿ. 1847ರಲ್ಲಿ ಕಟ್ಟಿದ್ದು. ಮಾನ್ ಅಂದರೆ ವಿದ್ಯೆಯ ದೇವರು, ಅದೇ ವೆನ್‌ಚಾಂಗ್; ಮೋ ಅಂದರೆ ಯುದ್ಧದ ದೇವರು, ಇಬ್ಬರೂ ಒಂದೇ ಪೀಠದಲ್ಲಿ ಕೂತಿದ್ದಾರೆ. ತಲೆಯ ಮೇಲೆ ಸುರುಳಿ ಸುರುಳಿ ಊದುಬತ್ತಿ ಗಂಟೆಗಟ್ಟಲೆ ಉರಿಯುತ್ತಾ ತೂಗುತ್ತಿರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಬಂದು ವಿದ್ಯಾದೇವರ ಕುಂಚವನ್ನು ಮುಟ್ಟಿ ಹೋಗುತ್ತಾರೆ.

ಅದೇ ಊರಿನ ವಾಂಗ್ ತಾಯ್ ಸಿನ್ ಗುಡಿ ಚಿಮ್‌ಗೆ ಎಲ್ಲಕ್ಕಿಂತ ಹೆಸರುವಾಸಿ. ಈಗಿನ ಜಾಗದಲ್ಲಿ ಅದು ಇರುವುದು 1921ರಿಂದ. ಗುಡಿಯ ಹೆಸರಿನದೇ ಮೆಟ್ರೋ ಸ್ಟೇಷನ್ ಇದೆ, ದಾರಿ ಕೇಳುವ ಅಗತ್ಯವೇ ಇಲ್ಲ. ಅಲ್ಲಿ 100 ಕಡ್ಡಿಗಳ ಕಟ್ಟು. ಆವರಣದಲ್ಲೇ ಕನ್‌ಫ್ಯೂಶಿಯಸ್‌ಗೆ ಒಂದು ಮಂಟಪವೂ ಇದೆ, ಓದುವ ಮಕ್ಕಳನ್ನು ಕರೆತಂದವರು ಅಲ್ಲಿಗೂ ಹೋಗಿ ಬನ್ನಿ.

ತೈಪೆಯಲ್ಲಾದರೆ ಲುಂಗ್‌ಶಾನ್ ಗುಡಿ, 1738ರದ್ದು. ಮುಖ್ಯ ದೇವತೆ ಗ್ವಾನ್‌ಯಿನ್. ಹಿಂದಿನ ಸಾಲಿನಲ್ಲಿ ವೆನ್‌ಚಾಂಗ್. ತೈವಾನಿನ ವಿದ್ಯಾರ್ಥಿಗಳು ತಮ್ಮ ಹಾಲ್ ಟಿಕೆಟ್ಟಿನ ಜೆರಾಕ್ಸ್ ತಂದು ವೆನ್‌ಚಾಂಗ್ ಮುಂದೆ ಇಡುತ್ತಾರೆ. ಅದನ್ನು ನೋಡಿದಾಗ ನನಗೆ ನೆನಪಾಗಿದ್ದು ನಮ್ಮಮ್ಮ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬಂದ ದಿನ ಮೊದಲು ದೇವರ ಮನೆಯಲ್ಲಿ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ನನ್ನ ಕೈಗೆ ಕೊಟ್ಟಿದ್ದರು.

ತೈವಾನಿನಲ್ಲಿ ವೆನ್‌ಚಾಂಗ್‌ಗೆ ಅರ್ಪಿಸುವ ವಸ್ತುಗಳೂ ಮಜವಾಗಿವೆ, ಎಲ್ಲವೂ ಉಚ್ಚಾರದ ಹೊಂದಿಕೆಯಿಂದ ಬಂದವು. ಸೆಲರಿ ಸೊಪ್ಪಿನ ಹೆಸರು ಅವರ ಭಾಷೆಯಲ್ಲಿ 'ಶ್ರಮ' ಅನ್ನುವ ಮಾತಿನ ಹಾಗೆ ಕೇಳುತ್ತದೆ. ಈರುಳ್ಳಿ ಸೊಪ್ಪು 'ಜಾಣ' ಅನ್ನುವ ಹಾಗೆ. ಬೆಳ್ಳುಳ್ಳಿ 'ಲೆಕ್ಕ' ಅನ್ನುವ ಹಾಗೆ, ಹಾಗಾಗಿ ಗಣಿತಕ್ಕೆ ಬೆಳ್ಳುಳ್ಳಿ. ಮೂಲಂಗಿ ಶುಭ ಶಕುನಕ್ಕೆ. ಬಾವ್ ಅನ್ನುವ ಹಬೆಯ ಬನ್ನು, ಎಲೆಯಲ್ಲಿ ಸುತ್ತಿದ ಝೊಂಗ್‌ಝಿ ಅನ್ನುವ ಅಕ್ಕಿ ಕಡುಬು, ಎರಡನ್ನೂ ಸೇರಿಸಿ ಹೇಳಿದರೆ 'ಖಂಡಿತ ಪಾಸು' ಅಂತ ಕೇಳುತ್ತದೆ. ಇದ್ಯಾವುದೂ ಕಡ್ಡಾಯ ಅಲ್ಲ. ಬರಿಗೈಯಲ್ಲಿ ಹೋಗಿ ಕೈ ಮುಗಿದರೂ ಯಾರೂ ಏನೂ ಅನ್ನುವುದಿಲ್ಲ.

ಸಿಂಗಪುರದಲ್ಲಿರುವ ನಮ್ಮ ಕನ್ನಡದವರಿಗೆ ವಾಟರ್‌ಲೂ ಸ್ಟ್ರೀಟೇ ಸುಲಭ. ಬುಗಿಸ್ ಸ್ಟೇಷನ್‌ನಿಂದ ನಡೆದು ಹೋಗಬಹುದು. ಇಂಗ್ಲಿಷ್ ಅರ್ಥ ಇರುವ ಚೀಟಿಯೂ ಸಿಗುತ್ತದೆ. ಮೊದಲ ಸಲ ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಈ ಗುಡಿಯನ್ನೇ.

ಯಾವಾಗ ಕೇಳಬೇಕು

ಪರೀಕ್ಷೆಯ ಹಿಂದಿನ ದಿನ ಬೇಡ. ದಯವಿಟ್ಟು ಬೇಡ. ಆ ಹೊತ್ತಿಗೆ ಯಾವ ಸಲಹೆ ಬಂದರೂ ನೀವು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಒಳ್ಳೆಯದು ಬಂದರೆ ಮೈಮರೆವು, ಕೆಟ್ಟದ್ದು ಬಂದರೆ ನಿದ್ದೆ ಹೋಯಿತು.

ಒಳ್ಳೆಯ ಸಮಯ ಅಂದರೆ ವರ್ಷದ ಶುರುವಿನಲ್ಲಿ, ಕೋರ್ಸ್ ಆರಿಸುವ ಮುಂಚೆ, ತಯಾರಿ ಪರೀಕ್ಷೆಯಲ್ಲಿ ಅಂಕ ಬಿದ್ದಾಗ, ಅಥವಾ ಓದು ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಒಂದೇ ಕಡೆ ನಿಂತುಬಿಟ್ಟಿದೆ ಅನ್ನಿಸಿದಾಗ. ಮುಂದೆ ಇನ್ನೂ ಏನಾದರೂ ಬದಲಾಯಿಸಲು ಸಮಯ ಇರಬೇಕು.

ಪ್ರಶ್ನೆ ಕಟ್ಟುವುದು

ಇದಕ್ಕೆ ಅರ್ಧ ಗಂಟೆ ಕೊಡಿ. ಗುಡಿಗೆ ಹೋದಮೇಲೆ ಅಲ್ಲ, ಮನೆಯಲ್ಲೇ. ಒಂದು ಹಾಳೆಯಲ್ಲಿ ಬರೆಯಿರಿ. ಕಡ್ಡಿ ಅಲ್ಲಾಡಿಸುವುದು ಎರಡು ನಿಮಿಷದ ಕೆಲಸ, ಪ್ರಶ್ನೆಯೇ ನಿಜವಾದ ಕೆಲಸ.

ಒಂದು ಸಲಕ್ಕೆ ಒಂದೇ ಪ್ರಶ್ನೆ. ಇದು ಎಲ್ಲ ಗುಡಿಗಳಲ್ಲೂ ಹೇಳುವ ನಿಯಮ. "ಇಂಜಿನಿಯರಿಂಗ್ ಸೇರಲಾ, ಬಿ.ಎಸ್ಸಿ. ಸೇರಲಾ?" ಅಂತ ಕೇಳಿದರೆ ಅದು ಎರಡು ಪ್ರಶ್ನೆ. ಒಳ್ಳೆಯ ಪದ್ಯ ಬಂತು ಅಂದುಕೊಳ್ಳಿ, ಅದು ಯಾವುದಕ್ಕೆ? ನಿಮಗೆ ಮೊದಲೇ ಇಷ್ಟ ಇದ್ದದ್ದಕ್ಕೆ ಅಂತ ನೀವೇ ತೀರ್ಮಾನ ಮಾಡಿಬಿಡುತ್ತೀರಿ. ಅದರ ಬದಲು "ಬಿ.ಎಸ್ಸಿ. ಸೇರಿದರೆ ಆ ದಾರಿ ನನಗೆ ಹೇಗಿರುತ್ತೆ?" ಅಂತ ಒಂದು ಕಡ್ಡಿ ಕೇಳಿ. ಬೇಕಾದರೆ ಇನ್ನೊಂದಕ್ಕೆ ಬೇರೆ ಕಡ್ಡಿ, ಮತ್ತೆ ಮೊದಲಿಂದ ಪ್ರಾರ್ಥನೆ ಮಾಡಿ.

ಹೌದು-ಅಲ್ಲ ಅಂತ ಉತ್ತರ ಬರುವ ಪ್ರಶ್ನೆ ಬೇಡ. ಕಡ್ಡಿಯ ಉತ್ತರ ಪದ್ಯ. ಮೋಡ ಚದುರಿತು, ದೋಣಿ ಹೊರಟಿತು, ಚಂದ್ರ ಮುಚ್ಚಿಕೊಂಡ, ಹೀಗೆ ಮಾತಾಡುತ್ತದೆ. ಅದರ ಮುಂದೆ "ಪಾಸಾ ಫೇಲಾ" ಅಂತ ನಿಂತರೆ ಇಬ್ಬರಿಗೂ ಮಾತು ಕೂಡುವುದಿಲ್ಲ. ಹೌದು-ಅಲ್ಲ ಮಾತ್ರ ಬೇಕಿದ್ದರೆ ಅದಕ್ಕೆ ಅರ್ಧಚಂದ್ರದ ತುಂಡುಗಳಿವೆ, ಮುಂದೆ ಹೇಳುತ್ತೇನೆ.

ಸಮಯ ಹಾಕಿ, ಹೆಸರು ಹಾಕಿ. ಬರೀ "ನನ್ನ ಓದು ಹೇಗಿದೆ?" ಅಂತ ಕೇಳುವುದಕ್ಕಿಂತ "ಈ ಡಿಸೆಂಬರಿನ ಪರೀಕ್ಷೆಗೆ ಈಗ ಓದುತ್ತಿರುವ ಹಾಗೇ ಓದಿಕೊಂಡು ಹೋದರೆ ಸಾಕಾ, ಏನನ್ನು ಗಮನಿಸಬೇಕು?" ಅಂತ ಕೇಳುವುದು ಮೇಲು. ಪ್ರಶ್ನೆ ಎಷ್ಟು ಬಿಗಿಯಾಗಿರುತ್ತೋ ಪದ್ಯ ಅಷ್ಟು ಹತ್ತಿರ ಬರುತ್ತದೆ.

ಇನ್ನೊಂದು, ಇದು ಅಪ್ಪ ಅಮ್ಮಂದಿರಿಗೆ. ಮಗಳ ಪರವಾಗಿ ಕೇಳಲು ಬರುತ್ತೀರಿ, ಸರಿ. ಆದರೆ "ಅವಳು ಯಾಕೆ ಓದ್ತಾ ಇಲ್ಲ?" ಅಂತ ಕೇಳಬೇಡಿ. "ಅವಳ ಓದಿಗೆ ನಾನು ಏನು ಮಾಡಬೇಕು?" ಅಂತ ಕೇಳಿ. ಉತ್ತರ ಮನೆಗೆ ತಂದು ಕೆಲಸಕ್ಕೆ ಹಾಕಬಲ್ಲವರು ನೀವು ತಾನೇ. ಮಗಳಿಗೆ ಹತ್ತು ಹನ್ನೆರಡು ವರ್ಷ ಆಗಿದ್ದರೆ ಅವಳನ್ನೇ ಕರೆದುಕೊಂಡು ಹೋಗಿ, ಅವಳ ಪ್ರಶ್ನೆಯನ್ನು ಅವಳೇ ಬರೆಯಲಿ, ನೀವು ತಿದ್ದಬೇಡಿ. ಆ ಹಾಳೆಯಲ್ಲಿ ಅವಳು ಏನು ಬರೆದಿದ್ದಾಳೆ ಅನ್ನುವುದೇ ಎಷ್ಟೋ ಸಲ ಚೀಟಿಗಿಂತ ಮುಖ್ಯವಾಗಿರುತ್ತದೆ.

ಗುಡಿಯಲ್ಲಿ ಮಾಡುವ ಕ್ರಮ

ಮೊದಲು ದೇವರಿಗೆ ನಮಸ್ಕಾರ ಮಾಡಿ. ಊದುಬತ್ತಿ ಹಚ್ಚುವ ಪದ್ಧತಿ ಇದ್ದರೆ ಹಚ್ಚಿ, ಸಾಮಾನ್ಯವಾಗಿ ಮೂರು. ಕೆಲವು ಗುಡಿಗಳಲ್ಲಿ ಈಗ ಊದುಬತ್ತಿಯೇ ಇಲ್ಲ. ತೈಪೆಯ ಶಿಂಗ್‌ಟಿಯನ್ ಗುಡಿಯಲ್ಲಿ 2014ರಲ್ಲೇ ಅದನ್ನು ನಿಲ್ಲಿಸಿದರು. ಅಲ್ಲಿ ಬರೀ ಕೈ ಮುಗಿದರೆ ಸಾಕು. ಒಳಗೆ ಫೋಟೋ ತೆಗೆಯಬೇಡಿ, ಪ್ರಾರ್ಥನೆ ಮಾಡುತ್ತಿರುವವರ ಮುಂದೆ ಹಾದು ಹೋಗಬೇಡಿ.

ಕಡ್ಡಿಯ ಡಬ್ಬಿ ತೆಗೆದುಕೊಳ್ಳಿ. ಒಳಗೆ ಎಲ್ಲ ಕಡ್ಡಿಯೂ ಸಮವಾಗಿ ಕೂತಿದೆಯಾ ಅಂತ ಒಂದು ಸಲ ನೋಡಿ. ಯಾವುದಾದರೂ ಮೇಲೆ ಎದ್ದಿದ್ದರೆ ನಿಧಾನಕ್ಕೆ ತಟ್ಟಿ ಕೂರಿಸಿ. ದೇವರ ಮುಂದೆ ಮಂಡಿಯೂರಿ. ಮಂಡಿ ನೋವಿದ್ದರೆ ನಿಂತೇ ಕೇಳಿ, ಪರವಾಗಿಲ್ಲ.

ಈಗ ಮನಸ್ಸಿನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ಇರುವ ವಿಳಾಸ ಹೇಳಿಕೊಳ್ಳಿ. ನಮ್ಮಲ್ಲಿ ಅರ್ಚನೆಗೆ ಹೆಸರು, ಗೋತ್ರ, ನಕ್ಷತ್ರ ಹೇಳುವ ಹಾಗೇ ಇದು. ಆಮೇಲೆ ಪ್ರಶ್ನೆ. ಯಾವ ಭಾಷೆಯಲ್ಲಿ ಅಂತ ಕೆಲವರು ಕೇಳುತ್ತಾರೆ. ನಾನು ಯಾವಾಗಲೂ ಕನ್ನಡದಲ್ಲೇ ಕೇಳಿದ್ದೀನಿ. ಪಕ್ಕದಲ್ಲಿ ಒಬ್ಬರು ಹೊಕ್ಕಿಯನ್ ಅನ್ನುವ ಚೀನೀ ಮಾತಿನಲ್ಲಿ, ಇನ್ನೊಬ್ಬರು ಇಂಡೋನೇಷ್ಯಾದ ಮಾತಿನಲ್ಲಿ ಬೇಡುತ್ತಿರುತ್ತಾರೆ.

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ನಿಮ್ಮಿಂದ ಆಚೆಗೆ, ಸ್ವಲ್ಪ ಕೆಳಕ್ಕೆ ಬಾಗುವಂತೆ ಓರೆ ಮಾಡಿ. ಮೊರದಲ್ಲಿ ಅಕ್ಕಿ ಕೇರುವಾಗ ಮಣಿಕಟ್ಟು ಹೇಗೆ ಆಡುತ್ತದೆ, ಹಾಗೆ. ಜೋರು ಮಾಡಿದರೆ ಐದಾರು ಕಡ್ಡಿ ಒಟ್ಟಿಗೆ ಬೀಳುತ್ತವೆ. ಒಂದೇ ಲಯದಲ್ಲಿ ಅಲ್ಲಾಡಿಸುತ್ತಾ ಇರಿ, ಮನಸ್ಸಿನಲ್ಲಿ ಪ್ರಶ್ನೆ ಹಾಗೇ ಓಡುತ್ತಿರಲಿ. ಕಡ್ಡಿಗಳು ಮೆಲ್ಲಗೆ ಮುಂದಕ್ಕೆ ಜರುಗುತ್ತವೆ, ಒಂದು ಉಳಿದವನ್ನು ಬಿಟ್ಟು ಆಚೆ ಬರುತ್ತದೆ, ಬೀಳುತ್ತದೆ. ಎರಡು ಬಿದ್ದರೆ ಎರಡನ್ನೂ ಒಳಗೆ ಹಾಕಿ ಮತ್ತೆ ಶುರು ಮಾಡಿ. ನಿಮಗೆ ಇಷ್ಟವಾದ ಸಂಖ್ಯೆಯನ್ನು ಆರಿಸಿಕೊಳ್ಳುವ ಹಾಗಿಲ್ಲ.

ತೈವಾನಿನ ಕೆಲವು ಗುಡಿಗಳಲ್ಲಿ ಡಬ್ಬಿ ಸೊಂಟದ ಎತ್ತರ ಇರುತ್ತದೆ, ಕಡ್ಡಿಗಳೂ ಉದ್ದ. ಅಲ್ಲಿ ಅಲ್ಲಾಡಿಸಲು ಆಗುವುದಿಲ್ಲ. ಕಡ್ಡಿಗಳ ಕಟ್ಟನ್ನು ಎರಡು ಕೈಯಲ್ಲಿ ಎತ್ತಿ ಬಿಡುತ್ತಾರೆ, ಎಲ್ಲಕ್ಕಿಂತ ಮೇಲೆ ಎದ್ದು ನಿಂತದ್ದೇ ನಿಮ್ಮ ಕಡ್ಡಿ.

ಸಂಖ್ಯೆ ಚೀನೀ ಅಂಕಿಯಲ್ಲಿ ಇರುತ್ತದೆ. ಓದಲು ಬರದಿದ್ದರೆ ಪಕ್ಕದವರಿಗೆ ತೋರಿಸಿ ಕೇಳಿ, ಖುಷಿಯಿಂದ ಹೇಳುತ್ತಾರೆ.

ಈ ಕಡ್ಡಿಯೇನಾ? ಖಚಿತ ಮಾಡಿಕೊಳ್ಳುವುದು

ಇಲ್ಲಿ ಅರ್ಧಚಂದ್ರದ ತುಂಡುಗಳು ಬರುತ್ತವೆ. ಮರದ ಅಥವಾ ಬಿದಿರು ಬೇರಿನ ಎರಡು ತುಂಡು, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಹೊಕ್ಕಿಯನ್ ಮಾತಿನವರು ಪೊಯೆ ಅನ್ನುತ್ತಾರೆ. ಎರಡನ್ನೂ ಅಂಗೈಯಲ್ಲಿ ಜೋಡಿಸಿ, "ಇದೇ ಕಡ್ಡಿಯಾ?" ಅಂತ ಕೇಳಿ, ಎದೆಯ ಮಟ್ಟದಿಂದ ನೆಲಕ್ಕೆ ಬಿಡಬೇಕು.

ಒಂದು ಚಪ್ಪಟೆ ಮೇಲೆ, ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಚಪ್ಪಟೆ ಮೇಲಾದರೆ ದೇವರು ನಕ್ಕ ಅಂತಾರೆ, ಅಂದರೆ ಪ್ರಶ್ನೆ ಸ್ಪಷ್ಟ ಇಲ್ಲ, ಅಥವಾ ಉತ್ತರ ನಿನಗೇ ಗೊತ್ತಿದೆ. ಎರಡೂ ಉಬ್ಬು ಮೇಲಾದರೆ ಅಲ್ಲ.

ನಮ್ಮೂರ ಕಡೆ ದೇವರಲ್ಲಿ ಪ್ರಸಾದ ಕೇಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂ ಬಲಗಡೆ ಬಿತ್ತಾ, ಎಡಗಡೆ ಬಿತ್ತಾ ಅಂತ ಉಸಿರು ಬಿಗಿ ಹಿಡಿದು ಕಾಯುವುದಿದೆಯಲ್ಲ, ಅದೇ ಭಾವ.

ಸಿಂಗಪುರದಲ್ಲಿ ಸಾಮಾನ್ಯವಾಗಿ ಒಂದು ಸಲ ಹೌದು ಬಂದರೆ ಸಾಕು. ತೈವಾನಿನ ಬಹಳಷ್ಟು ಗುಡಿಗಳಲ್ಲಿ ಸತತ ಮೂರು ಸಲ ಹೌದು ಬರಬೇಕು. ಒಂದೊಂದು ಸಲವೂ ಅರ್ಧಕ್ಕರ್ಧ ಸಾಧ್ಯತೆ ಅಂತಿಟ್ಟುಕೊಂಡರೆ ಮೂರೂ ಹೌದು ಬರುವುದು ಎಂಟರಲ್ಲಿ ಒಂದು ಸಲ. ಹಾಗಾಗಿ ಒಂದು ಕಡ್ಡಿಗೆ ಹತ್ತಿಪ್ಪತ್ತು ನಿಮಿಷ ಹಿಡಿದರೂ ಬೇಜಾರು ಬೇಡ. ಅಲ್ಲಿ ಕಡ್ಡಿ ತೆಗೆಯುವ ಮುಂಚೆಯೇ "ಇವತ್ತು ಚೀಟಿ ಕೊಡ್ತೀಯಾ?" ಅಂತ ತುಂಡು ಹಾಕಿ ಕೇಳುವವರೂ ಇದ್ದಾರೆ. ವಾಂಗ್ ತಾಯ್ ಸಿನ್‌ನಲ್ಲಿ ಮಾತ್ರ ಬಿದ್ದ ಕಡ್ಡಿಯನ್ನೇ ನೇರವಾಗಿ ಒಪ್ಪಿಕೊಂಡು ಹೋಗುವವರು ಬಹಳ. ಅಲ್ಲಲ್ಲಿಯ ಪದ್ಧತಿಯನ್ನು ಅಲ್ಲಲ್ಲಿ ಅನುಸರಿಸಿ.

ಮೂರ್ನಾಲ್ಕು ಸಲ ಬರೀ ನಗುವೇ ಬಂದರೆ ಎದ್ದು ಹೊರಗೆ ಬನ್ನಿ. ಪ್ರಶ್ನೆಯ ಹಾಳೆ ತೆಗೆದು ನೋಡಿ. ನನ್ನ ಅನುಭವದಲ್ಲಿ ಅಂಥ ದಿನ ಪ್ರಶ್ನೆಯಲ್ಲೇ ಏನೋ ಸುತ್ತಿಬಳಸು ಇರುತ್ತದೆ.

ಚೀಟಿ ಓದುವುದು

ಸಂಖ್ಯೆ ಹೇಳಿ ಚೀಟಿ ತೆಗೆದುಕೊಳ್ಳಿ. ಕೆಲವು ಕಡೆ ಕೌಂಟರಿನಲ್ಲಿ ಕೊಡುತ್ತಾರೆ, ಕೆಲವು ಕಡೆ ಸಂಖ್ಯೆ ಬರೆದ ಪುಟ್ಟ ಪುಟ್ಟ ಡ್ರಾಯರ್‌ಗಳಿರುತ್ತವೆ.

ಒಂದು ಎಚ್ಚರಿಕೆ ಮುಖ್ಯ. ಎಲ್ಲ ಗುಡಿಯ ಕಟ್ಟೂ ಒಂದೇ ಅಲ್ಲ. ಗ್ವಾನ್‌ಯಿನ್ ಹೆಸರಿನ 100ರ ಕಟ್ಟು ಬೇರೆ, ವಾಂಗ್ ತಾಯ್ ಸಿನ್ 100 ಬೇರೆ, ಯುದ್ಧದೇವರಾದ ಗ್ವಾನ್ ದೇವರ 100 ಬೇರೆ. ತೈವಾನಿನಲ್ಲಿ ಮಾಝು ಅನ್ನುವ ಸಮುದ್ರದೇವಿಯ ಗುಡಿಗಳಲ್ಲಿ 60ರ ಕಟ್ಟು ಬಹಳ ಬಳಕೆ. ನಮ್ಮ 60 ಸಂವತ್ಸರಗಳ ಹಾಗೆ ಅವರಿಗೂ 60 ವರ್ಷದ ಚಕ್ರ ಇದೆ, ಅದರ ಲೆಕ್ಕ ಅದು. ಒಂದು ಗುಡಿಯ 27ನ್ನು ಇನ್ನೊಂದು ಗುಡಿಯ 27ರ ಅರ್ಥದಲ್ಲಿ ಓದಿದರೆ ಎಲ್ಲ ಕೆಟ್ಟಿತು. ಇಂಟರ್‌ನೆಟ್‌ನಲ್ಲಿ ಬರೀ ಸಂಖ್ಯೆ ಹಾಕಿ ಹುಡುಕುವವರು ಮಾಡುವ ತಪ್ಪು ಇದೇ.

ಈಗ ಓದುವ ಕ್ರಮ. ಬಹುತೇಕ ಎಲ್ಲರೂ ಮೊದಲು ನೋಡುವುದು ದರ್ಜೆ: ಅತ್ಯುತ್ತಮ, ಉತ್ತಮ, ಮಧ್ಯಮ, ಕೆಳಗಿನದು. ನಾನು ಅದನ್ನು ಬೆರಳಿನಿಂದ ಮುಚ್ಚಿಕೊಳ್ಳುತ್ತೇನೆ. ದರ್ಜೆ ಎಲ್ಲ ವಿಷಯಕ್ಕೂ ಸೇರಿಸಿ ಹಾಕಿದ್ದು, ಓದಿಗೆ ಅಂತ ಹಾಕಿದ್ದಲ್ಲ. ಮೊದಲು ಪದ್ಯ, ಆಮೇಲೆ ಕಥೆ, ಆಮೇಲೆ ಓದಿನ ಸಾಲು, ಕೊನೆಗೆ ದರ್ಜೆ.

ಓದಿನ ಸಾಲು ಯಾವುದು ಅಂತ ಗೊತ್ತಾಗದೆ ಎಷ್ಟೋ ಜನ ಚೀಟಿ ಮಡಿಚಿ ಇಟ್ಟುಬಿಡುತ್ತಾರೆ. ಹಳೆಯ ಚೀಟಿಗಳಲ್ಲಿ 'ವಿದ್ಯಾಭ್ಯಾಸ' ಅಂತ ಇರುವುದೇ ಇಲ್ಲ. ಮೀನುಗಾರಿಕೆ, ಬೇಸಾಯ, ವ್ಯಾಪಾರ, ಬಸಿರು, ಮದುವೆ, ಕಳೆದ ವಸ್ತು, ದನಕರು, ಕೋರ್ಟು ವ್ಯಾಜ್ಯ ಎಲ್ಲ ಇರುತ್ತದೆ. ನಿಮಗೆ ಬೇಕಾದ್ದು 'ಗೊಂಗ್‌ಮಿಂಗ್' ಅನ್ನುವ ಸಾಲು. ಅಕ್ಷರಶಃ ಅರ್ಥ ಸಾಧನೆ ಮತ್ತು ಹೆಸರು. ಆದರೆ ಆ ಕಾಲದಲ್ಲಿ ಹೆಸರು ಮಾಡುವ ದಾರಿ ಅಂದರೆ ಅರಮನೆಯ ಅಧಿಕಾರಿ ಹುದ್ದೆಯ ಪರೀಕ್ಷೆ ಪಾಸಾಗುವುದು. ಸಾವಿರಕ್ಕೂ ಹೆಚ್ಚು ವರ್ಷ ನಡೆದ ಆ ಪರೀಕ್ಷೆ ನಿಂತಿದ್ದು 1905ರಲ್ಲಿ. ಪರೀಕ್ಷೆ ಹೋಯಿತು, ಚೀಟಿಯ ಮೇಲೆ ಮಾತು ಉಳಿಯಿತು. ಹಾಗಾಗಿ ಗೊಂಗ್‌ಮಿಂಗ್ ಅಂದರೆ ನಿಮ್ಮ ಸಾಲು. ಹೊಸ ಚೀಟಿಗಳಲ್ಲಾದರೆ ಓದು, ಪರೀಕ್ಷೆ ಅಂತಲೇ ಇರುತ್ತದೆ. ಚೀನೀ ಬರದಿದ್ದರೆ ಫೋನಿನ ಕ್ಯಾಮೆರಾದಿಂದ ಅನುವಾದ ಮಾಡಿ ನೋಡಿ. ಸಣ್ಣ ಸಾಲುಗಳಿಗೆ ಅದು ಸಾಕು, ಪದ್ಯಕ್ಕೆ ಸಾಕಾಗುವುದಿಲ್ಲ. ಪದ್ಯವನ್ನು ಬಲ್ಲವರಿಂದ ಕೇಳಿ. ವಾಂಗ್ ತಾಯ್ ಸಿನ್‌ನಲ್ಲಿ ಅರ್ಥ ಹೇಳುವವರ ಮಳಿಗೆಗಳ ಸಾಲೇ ಇದೆ. ಕೂರುವ ಮುಂಚೆ ದುಡ್ಡು ಎಷ್ಟು ಅಂತ ಮಾತಾಡಿಕೊಳ್ಳಿ.

ಒಂದು ಚೀಟಿ ತೆಗೆದು ನೋಡೋಣ

ಗ್ವಾನ್‌ಯಿನ್ 100ರ ಕಟ್ಟಿನಲ್ಲಿ ನಿಮಗೆ 2ನೇ ಕಡ್ಡಿ ಬಂತು ಅಂದುಕೊಳ್ಳಿ. ಓದುವವರಿಗೆ ಇದಕ್ಕಿಂತ ಚೆನ್ನಾದ ಚೀಟಿ ನನಗೆ ಗೊತ್ತಿಲ್ಲ. ದರ್ಜೆ ಬರೀ ಮಧ್ಯಮ.

ಪದ್ಯದ ತಾತ್ಪರ್ಯ ಇದು: ದೊಡ್ಡ ಮೀನು ಇನ್ನೂ ರೂಪ ಬದಲಿಸಿಲ್ಲ, ಹೊಳೆ ಕೆರೆಯಲ್ಲೇ ಇರಲಿ. ಈಗಲೇ ನೀರು ಬಿಟ್ಟು ಮೇಲೇರಬಾರದು. ಮುಂದೊಂದು ದಿನ ರೂಪ ಬದಲಾದಾಗ ಒಂದೇ ಜಿಗಿತಕ್ಕೆ ಬಾಗಿಲು ದಾಟುತ್ತದೆ.

ಆ ಬಾಗಿಲು ಹಳದಿ ನದಿಯ ಡ್ರ್ಯಾಗನ್ ಬಾಗಿಲು. ಪ್ರವಾಹದ ಎದುರು ಈಜಿ ಅದನ್ನು ಹಾರಿದ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವುದು ಅವರ ಕಥೆ. ಪರೀಕ್ಷೆ ಗೆಲ್ಲುವುದಕ್ಕೆ ಚೀನೀಯರು ಇವತ್ತಿಗೂ ಬಳಸುವ ಮಾತು ಅದೇ.

ಚೀಟಿಯ ಕಥೆಯ ಹೆಸರು 'ಸು ಚಿನ್ ಸೋತದ್ದು'. ಚೀನಾ ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಕಾಲದಲ್ಲಿ ಸು ಚಿನ್ ಅನ್ನುವವನು ಚಿನ್ ಅನ್ನುವ ರಾಜ್ಯದ ರಾಜನಿಗೆ ಸಲಹೆ ಹೇಳಲು ಹೋದ. ಎಷ್ಟು ಸಲ ಅರ್ಜಿ ಕೊಟ್ಟರೂ ರಾಜ ಕಿವಿಗೊಡಲಿಲ್ಲ. ಕೈಯಲ್ಲಿದ್ದ ದುಡ್ಡು ಮುಗಿಯಿತು, ಬಟ್ಟೆ ಹರಿಯಿತು, ನಡೆದುಕೊಂಡೇ ಮನೆಗೆ ಬಂದ. ಹೆಂಡತಿ ಮಗ್ಗದಿಂದ ಏಳಲಿಲ್ಲ. ಅತ್ತಿಗೆ ಅಡುಗೆ ಮಾಡಿ ಬಡಿಸಲಿಲ್ಲ. ಅಪ್ಪ ಅಮ್ಮ ಮಾತಾಡಲಿಲ್ಲ. ಆ ರಾತ್ರಿಯೇ ಪುಸ್ತಕದ ಪೆಟ್ಟಿಗೆಗಳನ್ನು ತೆಗೆದು ಕೂತ. ನಿದ್ದೆ ಬಂದಾಗ ತೊಡೆಗೆ ದಬ್ಬಳ ಚುಚ್ಚಿಕೊಂಡು ಓದಿದ. ಮುಂದೆ ಆರು ರಾಜ್ಯಗಳ ಮಂತ್ರಿ ಮುದ್ರೆ ಅವನ ಕೈಯಲ್ಲಿತ್ತು.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. "ಈ ವರ್ಷವೇ ಪರೀಕ್ಷೆ ಕಟ್ಟಲಾ?" ಅಂತ ಕೇಳಿದ್ದರೆ, ಚೀಟಿ ಹೇಳುತ್ತಿರುವುದು ಇನ್ನೊಂದು ಸುತ್ತು ತಯಾರಿ ಬೇಕು ಅಂತ. ಕೈಲಾಗದು ಅಂತ ಹೇಳುತ್ತಿಲ್ಲ, ಮೀನು ದೊಡ್ಡದೇ. "ಫೇಲ್ ಆದೆ, ಬಿಟ್ಟುಬಿಡಲಾ?" ಅಂತ ಕೇಳಿದ್ದರೆ ಅದೇ ಚೀಟಿ ಬಿಡಬೇಡ ಅನ್ನುತ್ತಿದೆ. ಮತ್ತೆ, ರೂಪ ಬದಲಾಗಬೇಕು ಅನ್ನುವ ಮಾತನ್ನು ಗಮನಿಸಿ. ಅದೇ ಹಳೆಯ ರೀತಿಯಲ್ಲಿ ಇನ್ನೂ ಎರಡು ಗಂಟೆ ಜಾಸ್ತಿ ಓದು ಅಂತ ಅಲ್ಲ. ಓದುವ ರೀತಿಯೇ ಬೇರೆ ಆಗಬೇಕು. ತೊಡೆ ಚುಚ್ಚಿಕೊಳ್ಳುವುದು ಮಾತ್ರ ಬೇಡ, ಚೆನ್ನಾಗಿ ನಿದ್ದೆ ಮಾಡಿ.

ಒಳ್ಳೆಯ ಚೀಟಿಗಳನ್ನೂ ಹೀಗೇ ನಿಧಾನಕ್ಕೆ ಓದಬೇಕು. ಅದೇ ಕಟ್ಟಿನ 1ನೇ ಚೀಟಿ ಆಕಾಶ ಭೂಮಿ ತೆರೆದುಕೊಂಡಿವೆ, ಎಲ್ಲ ಕೂಡಿ ಬರುತ್ತದೆ ಅನ್ನುತ್ತದೆ. ಆದರೆ ಕೊನೆಯ ಸಾಲು ಓದಿ: ನೇರವಾಗಿ, ನಿಷ್ಠೆಯಿಂದ ನಡೆಯುವವನನ್ನು ರಾಜ ಕರೆಸುತ್ತಾನೆ. ಷರತ್ತು ಇದೆ, ಅಲ್ವಾ? ವಾಂಗ್ ತಾಯ್ ಸಿನ್ 1ನೇ ಚೀಟಿಗೆ ಅತ್ಯುತ್ತಮ ದರ್ಜೆ, ಕಥೆ ಜಿಯಾಂಗ್ ಝಿಯಾ ಮಂತ್ರಿಯಾದದ್ದು. ಆ ಜಿಯಾಂಗ್ ಮುದುಕನಾಗುವ ತನಕ ನೇರ ಗಾಳ ಹಿಡಿದು ಹೊಳೆ ದಡದಲ್ಲಿ ಕೂತಿದ್ದವನು. ಇಪ್ಪತ್ತರ ಹುಡುಗ ಈ ಚೀಟಿ ಹಿಡಿದು ಮುಂದಿನ ತಿಂಗಳೇ ರ್‍ಯಾಂಕ್ ಅಂದುಕೊಂಡರೆ ಕಥೆಯನ್ನು ಅರ್ಧಕ್ಕೇ ಬಿಟ್ಟ ಹಾಗೆ.

ಕೆಳದರ್ಜೆಯ ಚೀಟಿ ಬಂದರೆ

ಬರುತ್ತದೆ. ನೂರು ಕಡ್ಡಿಯಲ್ಲಿ ಅವೂ ಇವೆ. ಅದನ್ನು ಶಾಪ ಅಂದುಕೊಳ್ಳಬೇಡಿ, ಈ ಹೊತ್ತಿನಲ್ಲಿ ಈ ದಾರಿ ಕಷ್ಟ ಅನ್ನುವ ಎಚ್ಚರಿಕೆ ಅಂತ ತೆಗೆದುಕೊಳ್ಳಿ. ಯಾವ ಸಾಲು ಮನಸ್ಸಿಗೆ ಚುಚ್ಚಿತು ಅಂತ ನೋಡಿ. ಸಾಮಾನ್ಯವಾಗಿ ನೀವು ನೋಡಲು ಇಷ್ಟಪಡದ ವಿಷಯ ಅಲ್ಲೇ ಇರುತ್ತದೆ.

ಒಳ್ಳೆಯದು ಬರುವ ತನಕ ಮತ್ತೆ ಮತ್ತೆ ಕೇಳಬೇಡಿ. ಅದೇ ಪ್ರಶ್ನೆ ಅದೇ ದಿನ ಎರಡನೇ ಸಲ ಕೇಳಬಾರದು ಅನ್ನುವುದು ಹಳೆಯ ಮಾತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ನೀವು ಏನನ್ನಾದರೂ ಬದಲಾಯಿಸಿ ನೋಡುವ ತನಕ ಕೇಳಬೇಡಿ.

ಮಕ್ಕಳ ಪರೀಕ್ಷೆ ಹತ್ತಿರ ಇದ್ದಾಗ ಅವರ ಹೆಸರಲ್ಲಿ ಕೆಟ್ಟ ಚೀಟಿ ಬಂದರೆ ಅವರಿಗೆ ತೋರಿಸಬೇಡಿ. ಒಂದು ಕಾಗದದ ಮಾತಿಗೆ ಮಗುವಿನ ಧೈರ್ಯ ಹೋಗಬಾರದು. ಹಾಗೇ ಬರೀ ಚೀಟಿ ನೋಡಿ ಕೋರ್ಸ್ ಬಿಡುವುದು, ಕಾಲೇಜು ಬದಲಾಯಿಸುವುದು ಮಾಡಬೇಡಿ. ಪಾಠ ಹೇಳುವವರ ಹತ್ತಿರ ಮಾತಾಡಿ. ಓದಿನ ಒತ್ತಡದಿಂದ ಮಗು ಊಟ ಬಿಟ್ಟಿದೆ, ಮಂಕಾಗಿ ಕೂರುತ್ತಿದೆ ಅಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಗುಡಿಗೆ ಆಮೇಲೆ ಹೋಗಬಹುದು.

ಇನ್ನು ಚೀಟಿ ಕೇಳುತ್ತೇವೆ, ದುಷ್ಟಶಕ್ತಿ ಕಳೆಯುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಎದ್ದು ಬನ್ನಿ.

ಮನೆಗೆ ಬಂದಮೇಲೆ

ಪ್ರಶ್ನೆ ಬರೆದ ಹಾಳೆಯನ್ನೇ ತೆಗೆದುಕೊಳ್ಳಿ. ಅದರ ಕೆಳಗೆ ಮೂರು ವಿಷಯ ಬರೆಯಿರಿ. ಪದ್ಯ ನಿಮ್ಮ ಮಾತಿನಲ್ಲಿ ಏನು ಹೇಳಿತು. ಅದು ನಿಮ್ಮ ಓದಿನ ಯಾವ ಭಾಗಕ್ಕೆ ತಾಗಿತು. ನಾಳೆಯಿಂದ ಯಾವ ಒಂದು ಕೆಲಸ ಬದಲಾಗುತ್ತದೆ. ಒಂದೇ ಒಂದು ಕೆಲಸ, ಮತ್ತೆ ಅದು ಗಡಿಯಾರ ನೋಡಿ ಮಾಡುವಂಥದ್ದಾಗಿರಬೇಕು. "ಚೆನ್ನಾಗಿ ಓದುತ್ತೇನೆ" ಅಂತ ಬರೆದರೆ ಅದು ಏನೂ ಅಲ್ಲ. ನಾನು ಬರೆದದ್ದು "ಪ್ರತಿ ಭಾನುವಾರ ಬೆಳಿಗ್ಗೆ ಒಂದು ಹಳೆಯ ಪ್ರಶ್ನೆಪತ್ರಿಕೆ, ಮೂರು ಗಂಟೆ, ಫೋನ್ ಬೇರೆ ಕೋಣೆಯಲ್ಲಿ" ಅಂತ. ಅದನ್ನು ಮೇಜಿನ ಮುಂದೆ ಅಂಟಿಸಿದ್ದೆ. ಚೀಟಿಯನ್ನು ಪುಸ್ತಕದೊಳಗೆ ಇಟ್ಟಿದ್ದೆ.

ಕೇಳಿದ್ದು ಮುಗಿದಮೇಲೆ, ಅಂದರೆ ಪರೀಕ್ಷೆ ಬರೆದು ಆದಮೇಲೆ, ಧನ್ಯವಾದ ಹೇಳಲು ಅದೇ ಗುಡಿಗೆ ಹೋಗುವುದು ವಾಡಿಕೆ. ನಮ್ಮಲ್ಲಿ ಹರಕೆ ಒಪ್ಪಿಸುವ ಹಾಗೆ. ಹಣ್ಣು, ಹೂವು ಸಾಕು. ವಾಟರ್‌ಲೂ ಸ್ಟ್ರೀಟ್‌ನಲ್ಲಾದರೆ ಗುಡಿಯ ಎದುರಿಗೇ ಹೂ ಮಾರುವವರು ಸಾಲಾಗಿ ಕೂತಿರುತ್ತಾರೆ, ಕಮಲದ ಮೊಗ್ಗೂ ಸಿಗುತ್ತದೆ. ಫಲಿತಾಂಶ ಬರುವ ತನಕ ಕಾಯಬೇಡಿ. ನಾನು ಪರೀಕ್ಷೆ ಮುಗಿದ ಮರುದಿನವೇ ಹೋದೆ, ಪಾಸಾದೆನೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಗ್ವಾನ್‌ಯಿನ್‌ಗೆ ಒಂದು ಕಟ್ಟು ಹೂವು, ಪಕ್ಕದಲ್ಲಿ ಕೃಷ್ಣನಿಗೆ ಒಂದು ತುಳಸಿ ಮಾಲೆ ಕೊಟ್ಟು ಮನೆಗೆ ಬಂದು ಮಲಗಿದವನು ಮಾರನೇ ದಿನ ಹತ್ತು ಗಂಟೆಗೆ ಎದ್ದೆ.